ಥಾಣೆಯಲ್ಲಿ ಎರಡು ದಿನ ಆರಾಮ

ನಮ್ಮ ಮನೆಯಲ್ಲಿ ಯಾರಾದರೂ ‘ಆರಾಮ’ ಎಂಬ ಮಾತು ಎತ್ತಿದರೆ ಒಂದು ವಾರದೊಳಗೆ ಇನ್ನೊಬ್ಬರಿಗೆ ಸೊಂಟ ಹಿಡಿದುಕೊಳ್ಳುತ್ತದೆ. ಇದು ಎಷ್ಟು ಸಲ ಆಗಿದೆಯೆಂದರೆ, ಈಗ ನಾವು ಆ ಪದವನ್ನು ಕಾಯಿಲೆಯ ಹೆಸರಿನಂತೆ ದನಿ ತಗ್ಗಿಸಿ ಹೇಳುತ್ತೇವೆ. ಈ ಸಲ ಹೇಳಿದವಳು ನನ್ನ ಹೆಂಡತಿ.

ಅವಳು ಕೇಳಿದ್ದು ದೊಡ್ಡದೇನಲ್ಲ. ಡೊಂಬಿವಲಿಯ ನಮ್ಮ ಮನೆಯಲ್ಲಿ ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ, ನನ್ನ ಅಮ್ಮ ಮತ್ತು ನಾನು, ಹೀಗೆ ನಾಲ್ವರು ಬೆಳಿಗ್ಗೆ ಐದೂವರೆಯಿಂದ ಸರದಿಯ ಮೇಲೆ ಅವಳನ್ನು ಕರೆಯುತ್ತಿರುತ್ತೇವೆ.

“ಒಂದು ಬೆಳಿಗ್ಗೆ, ಎಚ್ಚರ ಆದಾಗ ಏಳಬೇಕು. ಬೇರೆ ಯಾರೋ ಮಾಡಿದ ಚಹಾ ಕುಡೀಬೇಕು. ಅಷ್ಟೇ,” ಅಂದಳು.

“ಅದಕ್ಕೇನು, ಇಲ್ಲೇ ನಾನು ಮಾಡಿಕೊಡ್ತೇನೆ,” ಅಂದೆ.

“ನೀವು ಮಾಡಿದರೆ ಸಕ್ಕರೆ ಡಬ್ಬಿ ಎಲ್ಲುಂಟು ಅಂತ ಕೇಳಲಿಕ್ಕೆ ನನ್ನನ್ನೇ ಎಬ್ಬಿಸ್ತೀರಿ.”

ಇದು ಸತ್ಯವಾದ್ದರಿಂದ, ಮಕ್ಕಳನ್ನು ಕಟ್ಟಿಕೊಂಡು ಎರಡು ದಿನ ಯಾವುದಾದರೂ ನಗರದ ಹೋಟೆಲಿನಲ್ಲಿ ಇದ್ದು ಬರುವುದೆಂದು ತೀರ್ಮಾನವಾಯಿತು. ಅಮ್ಮ ಮನೆ ನೋಡಿಕೊಳ್ಳುವುದು.

೧. ಊರು ಹುಡುಕಿದ್ದು

ಬೇರೆಯವರು ನಗರವನ್ನು ಆರಿಸುವಾಗ ಅಲ್ಲಿ ಏನೇನಿದೆ ಎಂದು ನೋಡುತ್ತಾರೆ. ಉಡುಪಿ ಕಡೆಯಿಂದ ಬಂದ ನಾವು ಅಲ್ಲಿ ಯಾರು ಯಾರಿಲ್ಲ ಎಂದು ನೋಡಬೇಕು. ನೆಂಟರ ಮನೆ ಇರುವ ಊರಿನಲ್ಲಿ ಹೋಟೆಲಿನಲ್ಲಿ ತಂಗುವುದೆಂದರೆ ಅವರ ಮುಖಕ್ಕೆ ಹೊಡೆದಂತೆ. ಮನೆಯಲ್ಲೇ ಉಳಿದರೆ ಹೆಂಡತಿ ಅವರ ಅಡುಗೆಮನೆಯಲ್ಲಿ ಕಾಯಿ ತುರಿಯಬೇಕು.

ಪುಣೆಯಲ್ಲಿ ಅವಳ ಅಕ್ಕ. ನಾಸಿಕದಲ್ಲಿ ನನ್ನ ದೊಡ್ಡಪ್ಪನ ಮಗನ ಹೋಟೆಲು. ಸಾನಪಾಡಾದಲ್ಲಿ ಇಬ್ಬರು ಸೋದರತ್ತೆಯರು. ಪರಸ್ಪರ ಮಾತಿಲ್ಲದಿದ್ದರೂ, ಒಬ್ಬರ ಮನೆಗೆ ಹೋದ ಸುದ್ದಿ ಇನ್ನೊಬ್ಬರಿಗೆ ಹತ್ತು ನಿಮಿಷದಲ್ಲಿ ತಲುಪುತ್ತದೆ. ಕಲ್ಯಾಣದಲ್ಲಿ ಮಾವ. ಉಲ್ಹಾಸನಗರದಲ್ಲಿ ನಮ್ಮವರು ಯಾರೂ ಇಲ್ಲ. ಆದರೆ ಆ ಬಟ್ಟೆ ಮಾರ್ಕೆಟಿನ ಊರಿಗೆ ವಿಶ್ರಾಂತಿಗೆಂದು ಹೋದವರು ಈವರೆಗೆ ಇಲ್ಲ. ಹೋದವರೆಲ್ಲ ಪರದೆಯ ಬಟ್ಟೆ ಹೊತ್ತುಕೊಂಡು ಬಂದಿದ್ದಾರೆ.

ಕೊನೆಗೆ ಉಳಿದದ್ದು ಥಾಣೆ. ಅಲ್ಲಿದ್ದ ಒಬ್ಬನೇ ಒಬ್ಬ ನೆಂಟ ಹೋದ ವರ್ಷ ಪನವೇಲಿಗೆ ಮನೆ ಬದಲಿಸಿದ್ದ. ಡೊಂಬಿವಲಿಯಿಂದ ಸ್ಲೋ ಲೋಕಲ್ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ದಿನವೂ ಆಫೀಸಿಗೆ ಹೋಗುವಾಗ ನಾನು ದಾಟಿ ಹೋಗುವ ಊರು.

ಥಾಣೆಯ ಹೋಟೆಲಿಗೆ ಹೋಗುತ್ತೇವೆಂದು ಮಗಳು ಶಾಲೆಯಲ್ಲಿ ಹೇಳಿಕೊಂಡು ಬಂದಳು. “ಟೀಚರ್ ಏನಂದರು?” ಎಂದು ಕೇಳಿದೆ.

“ಟೀಚರ್ ಬೋಲಿ, ಘರ್ ಮೇ ಪೇಂಟಿಂಗ್ ಚಲ್ ರಹಾ ಹೈ ಕ್ಯಾ,” ಅಂದಳು. ಮನೆಗೆ ಬಣ್ಣ ಹೊಡೆಸುತ್ತಿದ್ದೀರಾ ಎಂದು.

೨. ವಿಶ್ರಾಂತಿಯ ಟೈಮ್ ಟೇಬಲ್

ನಾನು ಆಫೀಸಿನಲ್ಲಿ ಪ್ಲಾನಿಂಗ್ ವಿಭಾಗದವನು. ಆ ವಿಭಾಗ ಹಾಕಿದ ಯಾವ ಯೋಜನೆಯೂ ಹೇಳಿದ ದಿನ ಮುಗಿದಿಲ್ಲ. ಆದರೆ ನಮ್ಮ ಹಾಳೆಗಳು ಬಹಳ ಅಂದವಾಗಿರುತ್ತವೆ. ಪ್ರವಾಸಕ್ಕೂ ಒಂದು ಮಾಡಿ, ಮೂರು ಬಣ್ಣ ಹಾಕಿ, ಹೆಂಡತಿಯ ಮುಂದೆ ಇಟ್ಟೆ.

“ನಾಲ್ಕರಿಂದ ನಾಲ್ಕೂಮುಕ್ಕಾಲು ವಿಶ್ರಾಂತಿ. ಸರಿ. ಐದರವರೆಗೆ ಬಫರ್ ಅಂದರೆ ಏನು?”

“ವಿಶ್ರಾಂತಿ ತಡವಾಗಿ ಶುರುವಾದರೆ ಇರಲಿ ಅಂತ.”

ಅವಳ ಬೆರಳು ಕೆಳಗಿಳಿದು ಭಾನುವಾರಕ್ಕೆ ಬಂತು. “ಇದೇನು, ಬೆಳಿಗ್ಗೆ ಏಳು ಹತ್ತು?”

“ಅದು ನಿನ್ನದೇ. ಎಚ್ಚರ ಆದಾಗ ಏಳಬೇಕು ಅಂದಿದ್ದೆಯಲ್ಲ, ಅದಕ್ಕೆ ಅಲಾರಂ ಇಟ್ಟಿದ್ದೇನೆ.”

೩. ಕುಕ್ಕರ್

ಹೊರಡುವ ಹಿಂದಿನ ದಿನ ಅಮ್ಮ ಚೀಲದಲ್ಲಿ ಕುಚ್ಚಲಕ್ಕಿ, ಉಪ್ಪಿನಕಾಯಿ, ಕರೆಂಟಿನ ಒಲೆ ಮತ್ತು ಕುಕ್ಕರ್ ತುಂಬಿದರು.

“ಮಕ್ಕಳಿಗೆ ಹೊರಗಿನದು ಆಗುವುದಿಲ್ಲ,” ಅಂದರು. ಈ ಮಕ್ಕಳು ವಾರಕ್ಕೆ ಎರಡು ಸಲ ಗೇಟಿನ ಬಳಿ ವಡಾಪಾವ್ ತಿನ್ನುತ್ತಾರೆ. ಕೊಡಿಸುವುದು ಅಮ್ಮನೇ.

“ಅತ್ತೆ, ನಾನು ಅಲ್ಲಿ ಅಡುಗೆ ಮಾಡುವುದಿಲ್ಲ,” ಅಂದಳು ಹೆಂಡತಿ.

“ಅಯ್ಯೋ, ನೀನು ಯಾಕೆ ಮಾಡುವುದು? ಸೀಟಿ ಹೊಡೆಸಿದರೆ ಸಾಕು, ಅದೇ ಆಗ್ತದೆ.”

ಹೆಂಡತಿ ಕುಕ್ಕರ್ ತೆಗೆದಿಟ್ಟಳು. ಅವಳು ಸ್ನಾನಕ್ಕೆ ಹೋದಾಗ ಅಮ್ಮ ಮತ್ತೆ ತುಂಬಿದರು. ಅಮ್ಮ ಟಿವಿ ಮುಂದೆ ಕೂತಾಗ ಹೆಂಡತಿ ಮತ್ತೆ ತೆಗೆದಳು. ಇಬ್ಬರೂ ಒಬ್ಬರಿಗೊಬ್ಬರು ಒಂದು ಕಟು ಮಾತೂ ಆಡಲಿಲ್ಲ. ನಮ್ಮದು ಸಂಸ್ಕಾರವಂತರ ಮನೆ. ಇಬ್ಬರೂ ಬೇರೆ ಬೇರೆಯಾಗಿ ನನ್ನ ಅಭಿಪ್ರಾಯ ಕೇಳಿದರು. ನಾನು ಇಬ್ಬರದೂ ಸರಿ ಎಂದು ಹೇಳಿ ಹಾಲು ತರಲು ಹೋದೆ.

ಈ ಹೋರಾಟದ ಫಲವಾಗಿ ಕುಕ್ಕರ್ ಮನೆಯಲ್ಲೇ ಉಳಿಯಿತು. ಮುಚ್ಚಳ ಥಾಣೆಗೆ ಬಂತು.

೪. ಉಯ್ಯಾಲೆ

ಶನಿವಾರ ಮಧ್ಯಾಹ್ನ ಲೋಕಲಿನಲ್ಲಿ ಹೊರಟೆವು. ಇಲ್ಲಿ ಹುಟ್ಟಿದ ಮಕ್ಕಳಿಗೆ ಕೆಲವನ್ನು ಕಲಿಸಬೇಕಾಗಿಲ್ಲ. ಗಾಡಿ ಹತ್ತಿದೊಡನೆ ಮಗಳು ಕಿಟಕಿಯ ಬಳಿ ಕೂತವರ ಮುಂದೆ ನಿಂತು, “ಅಂಕಲ್, ಕಹಾಂ ಉತರೋಗೆ?” ಎಂದು ಕೇಳಿದಳು. ಎಲ್ಲಿ ಇಳಿಯುತ್ತೀರಿ ಎಂದು ಮೊದಲು ಕೇಳಿದವರಿಗೆ ಅವರು ಇಳಿದ ಮೇಲೆ ಆ ಸೀಟು ಸೇರುವುದು ಇಲ್ಲಿಯ ಲೋಕಲಿನ ಕಾನೂನು. ಅವರು “ದಾದರ್” ಅಂದರು, ಅದು ಥಾಣೆಗಿಂತ ಬಹಳ ಮುಂದೆ. ಅವಳು ಅವರನ್ನು ಬಿಟ್ಟು ಪಕ್ಕದವರ ಬಳಿ ಹೋದಳು. ಕೇವಲ ಐದು ಸ್ಟೇಷನ್ನಿನ ಪ್ರಯಾಣದಲ್ಲಿ ಆರು ಜನರನ್ನು ವಿಚಾರಿಸಿದಳು. ಮಗ ಇಳಿಯಲು ಇನ್ನೂ ಎರಡು ಸ್ಟೇಷನ್ ಇರುವಾಗಲೇ, ಮುಂಬ್ರಾ ಬರುವಷ್ಟರಲ್ಲಿ, ಬಾಗಿಲ ಕಡೆ ತಿರುಗಿ, ಮುಂದಿನವರ ತೊಡೆಗೆ ಮೊಣಕೈ ಕೊಟ್ಟು ನಿಂತಿದ್ದ.

ಹೋಟೆಲಿಗೆ ಹೋಗುವ ದಾರಿಯಲ್ಲಿ, ಥಾಣೆಯ ಕೆರೆಯ ಹತ್ತಿರದ ಉದ್ಯಾನದಲ್ಲಿ ಎರಡು ಉಯ್ಯಾಲೆಗಳಿದ್ದವು, ಎರಡರಲ್ಲೂ ಮಕ್ಕಳಿದ್ದರು. ಹೆಂಡತಿ ಬೆಂಚಿನ ಮೇಲೆ ಕೂತು, “ನೋಡಿ, ಇಲ್ಲಿ ಗಡಿಬಿಡಿ ಇಲ್ಲ. ಮಕ್ಕಳು ಸ್ವಲ್ಪ ಕಾಯಲಿಕ್ಕೆ ಕಲೀತಾರೆ,” ಅಂದಳು.

ಅಷ್ಟರಲ್ಲಿ ಮಗಳು ಉಯ್ಯಾಲೆಯ ಮುಂದೆ ನಿಂತು, ತೂಗುತ್ತಿದ್ದ ಪುಟ್ಟ ಹುಡುಗಿಯನ್ನು ಕೇಳಿದಳು: “ಕಹಾಂ ಉತರೋಗೆ?”

ಆ ಹುಡುಗಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಕಂಬಕ್ಕೆ ಒರಗಿ ನಿಂತಿದ್ದ ಇನ್ನೊಬ್ಬಳನ್ನು ಗಲ್ಲದಿಂದಲೇ ತೋರಿಸಿ, “ಮೇರೀ ಸೀಟ್ ಉಸ್ಕೋ ದೀ ಹೈ. ತೂ ಬಾಜೂವಾಲೇ ಕೋ ಪೂಛ್,” ಅಂದಳು: ತನ್ನ ಸೀಟು ಅವಳಿಗೆ ಕೊಟ್ಟಾಗಿದೆ, ನೀನು ಪಕ್ಕದವರನ್ನು ಕೇಳು.

೫. ಊರು ಎಲ್ಲಿ

ಹೋಟೆಲಿನ ಕೌಂಟರಿನಲ್ಲಿ ಮ್ಯಾನೇಜರ್ ಫೋನಿನಲ್ಲಿದ್ದರು. ಬಿಳಿ ಶರ್ಟು, ಟೈ, ಇಂಗ್ಲಿಷಿನಲ್ಲಿ ಸ್ವಾಗತ. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ನನ್ನ ಸಹಿ ಮುಗಿದಿತ್ತು, ಹೆಂಡತಿಯ ಕೈಗೆ ಕೀ ಬಂದಿತ್ತು. ಆಗ ಅವರು ಫೋನಿಗೆ, “ಬೇಗ ಬಲಾ ಮಾರಾಯ,” ಅಂದರು.

ತುಳು ಕೇಳಿ ಸುಮ್ಮನೆ ಲಿಫ್ಟಿನ ಕಡೆ ನಡೆಯುವುದು ನಮ್ಮಿಂದ ಆಗದ ಕೆಲಸ. ಹೆಂಡತಿ ನನ್ನ ಮುಖ ನೋಡಿಯೇ ತಿಳಿದುಕೊಂಡಳು. “ಬೇಡ,” ಅಂದಳು ಹಲ್ಲುಗಳ ನಡುವಿನಿಂದ.

ಅಷ್ಟರಲ್ಲಿ ನನ್ನ ಬಾಯಿ ಕೇಳಿಯಾಗಿತ್ತು: “ಈರೆನ ಊರು ಓಲು?”

ನಿಮ್ಮ ಊರು ಎಲ್ಲಿ ಎಂಬ ಈ ಒಂದು ಪ್ರಶ್ನೆ ಸಾಕು. ಎರಡನೆಯ ಪ್ರಶ್ನೆಗೆ ತಾಲೂಕು ಒಂದಾಯಿತು, ಮೂರನೆಯದಕ್ಕೆ ದೇವಸ್ಥಾನ ಒಂದಾಯಿತು, ನಾಲ್ಕನೆಯದಕ್ಕೆ ಅವರ ಚಿಕ್ಕಮ್ಮನ ಸೊಸೆ ನನ್ನ ಅಮ್ಮನ ತವರಿನವಳಾದಳು. ಇಡೀ ಥಾಣೆಯಲ್ಲಿ ನಮಗೆ ಇಲ್ಲದೆ ಹೋಗಿದ್ದ ನೆಂಟನನ್ನು ಐದು ನಿಮಿಷದಲ್ಲಿ ನಾನೇ ತಯಾರಿಸಿದ್ದೆ.

“ನಾಳೆ ನನಗೆ ರಜೆ. ಬೆಳಿಗ್ಗೆ ಎಂಟಕ್ಕೆ ಎಲ್ಲರೂ ನಮ್ಮ ಮನೆಗೆ ತಿಂಡಿಗೆ,” ಅಂದರು ಅವರು.

“ಇಲ್ಲೇ ತಿಂಡಿ ಇದೆಯಲ್ಲ, ರೂಮಿನ ಜೊತೆಗೆ,” ಅಂದೆ.

ಅವರು ನೊಂದುಕೊಂಡರು. “ನಮ್ಮವರಾಗಿ ಇಲ್ಲಿಯ ತಿಂಡಿ ತಿನ್ನುವುದಾ? ಮಾಡಿಸುವವನು ನಾನೇ, ನನಗೆ ಗೊತ್ತುಂಟು.”

ಇಷ್ಟರ ಮೇಲೆ ಇಲ್ಲ ಅನ್ನುವ ಧೈರ್ಯ ನನಗಿರಲಿಲ್ಲ. ಮನೆ ಎಲ್ಲಿ ಎಂದು ಕೇಳಿದೆ.

“ಡೊಂಬಿವಲಿ ಪೂರ್ವ,” ಅಂದರು.

ಲಿಫ್ಟಿನಲ್ಲಿ ಹೆಂಡತಿ ಮೂರನೇ ಮಹಡಿಯ ಗುಂಡಿ ಒತ್ತಿದಳು. ರೂಮಿನ ಬಾಗಿಲು ತೆರೆದು, ಚಪ್ಪಲಿ ಬಿಟ್ಟು, ಬಹಳ ಸಮಾಧಾನದಿಂದ ಹೇಳಿದಳು: “ನಾಳೆ ಬೆಳಿಗ್ಗೆ ನನಗೆ ತಲೆನೋವು ಇರ್ತದೆ.”

೬. ಭಾನುವಾರ

ಹೀಗಾಗಿ ಭಾನುವಾರ ಏಳು ಹತ್ತಕ್ಕೆ ಅಲಾರಂ ಹೊಡೆದಾಗ ಎದ್ದವರು ನಾನು ಮತ್ತು ಇಬ್ಬರು ಮಕ್ಕಳು. ಹೆಂಡತಿ ಚಾದರದೊಳಗಿಂದ ಒಂದು ಕೈ ಹೊರಗೆ ಹಾಕಿ ಫೋನನ್ನು ದಿಂಬಿನ ಅಡಿಗೆ ತಳ್ಳಿದಳು. ಒಂದೇ ಕೀ ಇತ್ತು. ಅವಳ ಬಳಿಯೇ ಬಿಟ್ಟು ಹೊರಟೆವು.

ಥಾಣೆಗೆ ಪ್ರವಾಸ ಬಂದ ನಾವು ಲೋಕಲ್ ಹಿಡಿದು ಡೊಂಬಿವಲಿಗೆ ಹೋದೆವು. ಸ್ಟೇಷನ್ನಿನಿಂದ ಹೊರಬಂದಾಗ ಮಗ, “ಪಪ್ಪಾ, ಯೇ ತೋ ಅಪನಾ ಘರ್ ಕಾ ರಸ್ತಾ ಹೈ,” ಎಂದ, ಇದು ನಮ್ಮ ಮನೆಯ ದಾರಿಯೆಂದು ನನಗೆ ತಿಳಿಸಿದ. ಮ್ಯಾನೇಜರರ ಮನೆ ನಮ್ಮ ಕಟ್ಟಡದಿಂದ ಎರಡು ಗಲ್ಲಿ ಆಚೆ. ಅವರ ಮನೆಯಾಕೆ ನೀರುದೋಸೆ ಹೊಯ್ಯುತ್ತಲೇ ಇದ್ದರು, ಹೆಂಡತಿಯ ತಲೆನೋವಿಗೆ ಕಷಾಯದ ಪುಡಿಯನ್ನೂ ಕಟ್ಟಿಕೊಟ್ಟರು. ಮದುವೆಯ ಆಲ್ಬಮ್ ಎರಡು ಭಾಗ ನೋಡಿದೆವು.

ಹಿಂತಿರುಗುವಾಗ ತರಕಾರಿ ಮಾರ್ಕೆಟಿನಲ್ಲಿ ಅಮ್ಮ ಎದುರಾದರು. ಕೈಯಲ್ಲಿ ಬಸಳೆಯ ಕಟ್ಟು. ನಮ್ಮನ್ನು ನೋಡಿ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

“ಮುಚ್ಚಳ ತಂದಿಯಾ?” ಅಂದರು.

“ಇಲ್ಲಮ್ಮ, ರೂಮಿನಲ್ಲುಂಟು.”

“ಮತ್ತೆ ಇಷ್ಟು ದೂರ ಯಾಕೆ ಬಂದದ್ದು?”

ಬಸಳೆ ಚೆನ್ನಾಗಿದೆ ಎಂದು ಹೇಳಿ ಮಕ್ಕಳನ್ನು ಎಳೆದುಕೊಂಡು ಸ್ಟೇಷನ್ನಿಗೆ ನಡೆದೆ. ಹಳಿ ದುರಸ್ತಿಗೆಂದು ಗಾಡಿಗಳನ್ನು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್ ಶುರುವಾಗಿತ್ತು. ಗಾಡಿ ಸಿಕ್ಕಿ, ಮಗನನ್ನು ಹೆಗಲ ಮೇಲೆ ಹೊತ್ತು ಹೋಟೆಲು ಸೇರುವಾಗ ಮಧ್ಯಾಹ್ನ ಎರಡೂವರೆ. ನನ್ನ ಸೊಂಟ ಆಗಲೇ ಹಿಡಿದಿತ್ತು. ಕೌಂಟರಿನಲ್ಲಿ ಹೊಸದಾಗಿ ಸೇರಿದ ಮರಾಠಿ ತರುಣಿಯೊಬ್ಬಳು ಕೂತಿದ್ದಳು.

“ಮುನ್ನೂರ ನಾಲ್ಕು,” ಎಂದು ಹಿಂದಿಯಲ್ಲಿ ಹೇಳಿದೆ. “ಮೇಲೆ ಹೋಗ್ತೇವೆ.”

“ಸಾರಿ ಸರ್. ಆ ರೂಮಿನ ಮೇಡಂ ಈಗಷ್ಟೇ ಮೂರನೇ ಚಹಾ ತರಿಸಿಕೊಂಡು ಮತ್ತೆ ಮಲಗಿದ್ದಾರೆ. ಯಾರನ್ನೂ ಕಳಿಸಬೇಡಿ ಅಂದಿದ್ದಾರೆ.”

“ನಾನು ಅವರ ಗಂಡ.”

ಅವಳು ಮುಂದಿದ್ದ ಚೀಟಿಯನ್ನು ನೋಡಿ, ನನ್ನನ್ನು ನೋಡಿ, ಆಮೇಲೆ ಮಕ್ಕಳನ್ನು ಎಣಿಸಿದಳು.

“ಹೌದು ಸರ್, ಅದನ್ನೂ ಬರೆಸಿದ್ದಾರೆ. ಗಂಡ ಅಂತ ಹೇಳಿಕೊಂಡು ಒಬ್ಬರು ಎರಡು ಮಕ್ಕಳ ಜೊತೆ ಬರ್ತಾರೆ, ಅವರನ್ನು ಮಾತ್ರ ಐದು ಗಂಟೆವರೆಗೆ ಬಿಡಲೇಬೇಡಿ ಅಂತ.”