ದೊರೆಗಳಿಗಾಗಿ ಅತ್ತ ನಮ್ಮ ಚಿಕ್ಕಪ್ಪ

ಲಂಡನ್ನಿನ ಶ್ರೀಮಂತರ ಕಷ್ಟಕ್ಕೆ ಮೂಡಿಗೆರೆ ಸೀಮೆಯಲ್ಲಿ ಕೂತು ಕಣ್ಣೀರು ಹಾಕಿದವರು ನಮ್ಮ ಚಿಕ್ಕಪ್ಪ ಒಬ್ಬರೇ! ಇನ್ನೊಬ್ಬರನ್ನು ತೋರಿಸಿ, ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ. ಸುತ್ತಲಿನ ಊರುಗಳಲ್ಲಿ ಇದಕ್ಕಿಂತ ಚಂದದ ಮೀಸೆ ಇಲ್ಲ, ತಿಳಿದಿರಲಿ.

ಚಿಕ್ಕಪ್ಪ ಇಂಗ್ಲಿಷ್ ದೊರೆಯೊಬ್ಬರ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ದೊರೆ ಓದಿ ಬಿಸಾಡಿದ ಮದರಾಸಿನ ಪತ್ರಿಕೆಯನ್ನು ಎತ್ತಿಕೊಂಡು ಬಂದು, ಕಣದಲ್ಲಿ ಕಾಫಿ ಬೀಜ ಆರಿಸುವ ಹೆಂಗಸರಿಗೆ ವ್ಯಾಪಾರದ ಪುಟವನ್ನು ಕನ್ನಡ ಮಾಡಿ ಓದುತ್ತಿದ್ದರು. ಓದು ಶುರುವಾದರೆ ಹರಟೆ ನಿಲ್ಲುತ್ತದೆ, ಕೈ ಓಡುತ್ತದೆ ಎಂದು ದೊರೆಗೂ ಖುಷಿ. ಬೆಳಗಿನ ಮಂಜು ಇನ್ನೂ ಕಣದ ಮೇಲೆ ಮಲಗಿರುತ್ತಿತ್ತು. ಅದರೊಳಗಿಂದ ಚಿಕ್ಕಪ್ಪನ ದನಿ ಮಾತ್ರ ತೇಲಿ ಬರುತ್ತಿತ್ತು. ಹಡಗು, ಬ್ಯಾಂಕು, ಬ್ರೆಜಿಲ್ಲು ಎಲ್ಲ ಪಕ್ಕದ ಗುಡ್ಡದ ಆಚೆಗೇ ಇದ್ದ ಹಾಗೆ!

ಅದು ಕಾಫಿ ಬೆಲೆ ಪಾತಾಳಕ್ಕಿಳಿದ ಕಾಲ. ಪತ್ರಿಕೆಯ ತುಂಬ ದೊಡ್ಡವರ ಗೋಳು.

"ಈ ಲಾರ್ಡ್ ಸಾಹೇಬ್ರು ಬೇಸಿಗೆ ಬಂಗ್ಲೆ ಮಾರಿಬಿಟ್ರಂತೆ ಕಣ್ರೇ! ಪಾಪ, ಇನ್ನು ಬೇಸಿಗೇಲಿ ಎಲ್ಲಿಗ್ ಹೋಗ್ತಾರೆ?" ಎಂದು ಕನ್ನಡಕ ಒರೆಸಿಕೊಳ್ಳುವರು.

"ನಮ್ ಲೈನ್ ಮನೆಗೆ ಬರ್ಲಿ ರೈಟ್ರೇ. ಗಾಳಿ ಗೋಡೆ ತೂರ್ಕೊಂಡೇ ಬರುತ್ತೆ," ಎಂದಳು ಆಳುಗಳ ಸಾಲುಮನೆಯಿಂದ ಬೀಜ ಆರಿಸಲು ಬರುತ್ತಿದ್ದ ದುಗ್ಗಮ್ಮ. ಕಣವೆಲ್ಲ ಗೊಳ್ಳೆಂದಿತು.

ಅದೇ ತೋಟದ ಮೇಸ್ತ್ರಿಯಾಗಿದ್ದ ನಾನು ಸುಮ್ಮನಿರುತ್ತೇನೆಯೇ? "ಚಿಕ್ಕಪ್ಪಾ, ಲಂಡನ್ನಿನ ಕಾಫಿ ಸಾಹುಕಾರ್ರು ಬೆಣ್ಣೆ ತಿನ್ನೋದು ಬಿಟ್ರಂತೆ," ಎಂದು ಒಂದು ಬಿಟ್ಟೆ. ಚಿಕ್ಕಪ್ಪ ಅಂದಿನಿಂದ ದೋಸೆಗೆ ತುಪ್ಪ ಮುಟ್ಟಲಿಲ್ಲ! ಆ ತುಪ್ಪ ಯಾರ ಹೊಟ್ಟೆ ಸೇರಿತು ಅಂತೀರಿ? ನನ್ನ ಮೈಕಟ್ಟು ಸುಮ್ಮನೆ ಬಂದದ್ದೇ?

ಕೊಯ್ಲು ಮುಗಿದ ಮೇಲೆ ಘಟ್ಟದ ಕೆಳಗಿನ ಆಳುಗಳು ಊರಿಗಿಳಿಯುವುದು ವಾಡಿಕೆ. ಆ ವರ್ಷ ದುಗ್ಗಮ್ಮ ಇಳಿಯಲಿಲ್ಲ. ಚಳಿಜ್ವರ ಹಿಡಿದು ಎದ್ದು ನಿಲ್ಲಲಾರದ ಗಂಡ, ಘಟ್ಟ ಹೇಗೆ ಇಳಿದಾನು? ಅಷ್ಟರಲ್ಲಿ ಖರ್ಚು ತಗ್ಗಿಸಲು ಲೈನ್ ಮನೆಗಳಿಗೆಲ್ಲ ಬೀಗ ಹಾಕಿಸಿ ಎಂದು ದೊರೆಯ ಹುಕುಂ ಬಂತು.

ಅದೇ ವಾರ ಪತ್ರಿಕೆಯಲ್ಲಿ ನಮ್ಮ ದೊರೆಯದೇ ಸುದ್ದಿ! ಕಷ್ಟಕಾಲದಲ್ಲಿ ತೋಟ ಉಳಿಸಿದ ಧೀರರು, ಅದಕ್ಕಾಗಿ ರೇಸಿನ ಕುದುರೆಯನ್ನೇ ಮಾರಿದ ತ್ಯಾಗಿಗಳು! ಓದುತ್ತ ಚಿಕ್ಕಪ್ಪ ಮತ್ತೆ ಕನ್ನಡಕ ಒರೆಸಿಕೊಂಡರು.

"ರೈಟ್ರೇ, ನಾಳೆ ನಮ್ ಕೋಣೆಗೆ ಬೀಗ ಅಲ್ವಾ? ಅದೂ ಬಂದಿದ್ಯಾ ಪೇಪರಲ್ಲಿ?" ದುಗ್ಗಮ್ಮ ತಲೆಯೆತ್ತದೆ ಕೇಳಿದಳು.

"ಇರುತ್ತಮ್ಮಾ. ಜ್ವರದವನನ್ನ ಹೊರಗ್ ಹಾಕೋದು ಅಂದ್ರೇನು, ಇಷ್ಟು ದೊಡ್ ವಿಷ್ಯ ಬಿಡ್ತಾರಾ?"

ಚಿಕ್ಕಪ್ಪ ಪುಟ ತಿರುಗಿಸಿದರು. ಮತ್ತೆ ತಿರುಗಿಸಿದರು. ಸೋಪಿನ ಜಾಹೀರಾತನ್ನೂ ಬಿಡಲಿಲ್ಲ. ಕೊನೆಗೆ ನನ್ನ ಕಡೆ ನೋಡಿ, "ಕುದುರೆ ಹೆಸ್ರು ಕೂಡ ಹಾಕಿದಾರಲ್ಲೋ ಮಾರಾಯ..." ಎಂದರು.

ಆ ಮಧ್ಯಾಹ್ನವೇ ನಾವಿಬ್ಬರೂ ಕಂಬಳಿಯಲ್ಲಿ ದುಗ್ಗಮ್ಮನ ಗಂಡನನ್ನು ಹೊತ್ತು ತಂದು ಚಿಕ್ಕಪ್ಪನ ಮಂಚದ ಮೇಲೆ ಮಲಗಿಸಿದೆವು.

"ದೊರೆ ಕೇಳಿದ್ರೆ?" ಎಂದೆ.

"ಕೇಳ್ಲಿ. ಲೈನಿಗೆ ಬೀಗ ಅಂದ್ರು. ರೈಟರ್ ಮನೆಗೆ ಅಂತ ಹೇಳಿಲ್ವಲ್ಲ?"

ಹೂಮಳೆ ಬಿದ್ದು ಗುಡ್ಡವೆಲ್ಲ ಕಾಫಿ ಹೂವಿನಿಂದ ಬೆಳ್ಳಗಾಗಿದ್ದ ಒಂದು ಬೆಳಿಗ್ಗೆ. ಮಂಜು ಯಾವುದು, ಹೂವು ಯಾವುದು, ಗುರುತೇ ಹತ್ತದು. ಗಾಳಿಯೆಲ್ಲ ಕನಸಿನ ಹಾಗೆ ಘಮ್ಮೆನ್ನುತ್ತಿತ್ತು. ರೋಗಿಯ ಪಕ್ಕ ಕೂತಿದ್ದು ತಡವಾಗಿ ಕಣಕ್ಕೆ ಬಂದ ಚಿಕ್ಕಪ್ಪ ಪತ್ರಿಕೆ ಬಿಡಿಸಿದರು. ಕಣ್ಣು ಅದರ ಮೇಲಿರಲಿಲ್ಲ.

"ಮೂಡಿಗೆರೆ ಪೇಟೆ ವರ್ತಮಾನ. ದುಗ್ಗಮ್ಮನ ಗಂಡ ಈಗ ತಾನೇ ಎದ್ದು ಕೂತಿದ್ದಾನೆ. ಜ್ವರ ಇಳಿಕೆ, ಗಂಜಿ ಏರಿಕೆ."

ಬೀಜ ಆರಿಸುವ ಕೈಗಳೆಲ್ಲ ನಿಂತವು. ದುಗ್ಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಇನ್ನೊಂದ್ಸಲ ಓದಿ ರೈಟ್ರೇ."