ಕೆಂಪು ಪಟ್ಟಿಯ ಮರಗಳು

ಗಂಡನ ತಿಥಿ ಊಟ ಮುಗಿಸಿ ನೆಂಟರೆಲ್ಲ ಬಂಗಾರಪೇಟೆ ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ ಮುನಿರತ್ನ ಎಂದಿನಂತೆ ಎದ್ದು ಬಾಗಿಲಿಗೆ ನೀರು ಹಾಕಿದಳು. ಮನೆ ಖಾಲಿ ಹಂಡೆಯ ಹಾಗೆ ಗುಂಯ್ ಎನ್ನುತ್ತಿತ್ತು. ಅಳು ಬರಲಿಲ್ಲ. ಹಸಿವೂ ಆಗಲಿಲ್ಲ. ಯಾರೋ ತನ್ನನ್ನು ಹತ್ತಿಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟು ಮರೆತುಬಿಟ್ಟಿದ್ದಾರೆ ಅನ್ನಿಸುತ್ತಿತ್ತು.

ಆಗ ಪಕ್ಕದ ಮನೆಯ ಪೆದ್ದಮ್ಮ ಗೋಡೆಯ ಮೇಲಿಂದ ತಲೆ ಹಾಕಿ, ಕೆರೆ ಹಿಂದಿನ ತೋಪಿಗೆ ಕೊಡಲಿಯವರು ಬಂದಿದ್ದಾರೆಂದು ಹೇಳಿದಳು. ಅದೂ ಕೆಂಪು ಪಟ್ಟಿ ಬಳಿದ ಮರಗಳನ್ನೇ ಕಡಿಯುತ್ತಾರಂತೆ.

ಪಟ್ಟಿ ಬಳಿದವನು ಮುನಿರತ್ನಳ ಗಂಡ ವೆಂಕಟೇಶಪ್ಪ. ರಾಬರ್ಟ್‌ಸನ್‌ಪೇಟೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಮಂಡಲ ಪಂಚಾಯ್ತಿಯವರು ತೋಪನ್ನು ಅವನ ಮಾತಿಗೆ ಬಿಟ್ಟುಕೊಟ್ಟಿದ್ದರು. ಅಲ್ಲಿ ತಾತಂದಿರ ಕಾಲದ ಹೊಂಗೆ ಮರಗಳಿದ್ದವು; ನಡುನಡುವೆ ಈಚೆಗೆ ಸರ್ಕಾರದವರು ನೆಟ್ಟ ನೀಲಗಿರಿಗಳೂ ಇದ್ದವು. ರಜೆ ಬಂದರೆ ಸಾಕು, ಅವನು ಟೇಪು ಹಿಡಿದು ಒಂದೊಂದು ಮರವನ್ನೂ ತಬ್ಬಿಕೊಂಡು ಸುತ್ತಳತೆ ತೆಗೆಯುತ್ತಿದ್ದ. ಮದುವೆ ಹೆಣ್ಣಿಗೆ ರವಿಕೆ ಹೊಲಿಯುವವನ ಹಾಗೆ ಆಡುತ್ತಾನೆ ಎಂದು ಊರು ನಗುತ್ತಿತ್ತು.

ರಾತ್ರಿ ಅವಳಿಗೂ ಅದೇ ಪಾಠ. ಮರ ಗಾಳಿಯಲ್ಲಿನ ಇಂಗಾಲವನ್ನು ಕುಡಿದು ಮೈಯಾಗಿ ಮಾಡಿಕೊಳ್ಳುತ್ತದೆ. ಮರವೆಂದರೆ ನಿಂತುಕೊಂಡಿರುವ ಹೊಗೆ. ಊರಿನ ಒಲೆ, ಬಸ್ಸು, ಉರಿಗಾಂ ಗಣಿಯ ಚಿಮಣಿ ಬಿಟ್ಟಿದ್ದನ್ನೆಲ್ಲ ಈ ತೋಪು ಎಷ್ಟು ನುಂಗೀತು, ಎಷ್ಟು ಕಾಲ ಹೊಟ್ಟೆಯಲ್ಲಿಟ್ಟುಕೊಂಡೀತು? ಉತ್ತರಕ್ಕೆ ಇಪ್ಪತ್ತು ವರ್ಷ ಬೇಕು, ಕಾದಿರು ಎನ್ನುತ್ತಿದ್ದ. "ನೀಲಗಿರಿ ನೋಡು, ಗಟಗಟ ಕುಡಿಯುತ್ತೆ" ಎಂದು ಅವನು ಶುರು ಮಾಡುತ್ತಿದ್ದ ಹಾಗೇ ಅವಳ ಕಣ್ಣು ಕೂರುತ್ತಿತ್ತು. ಬಿ.ಎಸ್ಸಿ. ಮಾಡಿದವಳಾದರೂ ಆ ವಾಕ್ಯದಿಂದಾಚೆಗೆ ಎಚ್ಚರವಾಗಿದ್ದ ನೆನಪು ಅವಳಿಗಿಲ್ಲ.

ಅವನನ್ನು ಕೊಂಡೊಯ್ದ ಕಾಮಾಲೆ ಬರುವ ಮುಂಚಿನ ವಾರ ಅವನು ನೀಲಗಿರಿಗಳಿಗೆಲ್ಲ ಎದೆಮಟ್ಟಕ್ಕೆ ಕೆಂಪು ಪಟ್ಟಿ ಬಳಿದಿದ್ದ. ಅಷ್ಟು ಮುದ್ದಿನ ಮರಗಳವು. ಆ ಇಪ್ಪತ್ತು ವರ್ಷ ಮರ ಕಾಯುವುದೊಂದೇ ಅವನು ಅವಳಿಗೆಂದು ಬಿಟ್ಟುಹೋದ ಕೆಲಸ. ಮುನಿರತ್ನ ಚಪ್ಪಲಿ ಮೆಟ್ಟಿದಳು.

ಬೀದಿಗೆ ಕಾಲಿಟ್ಟಿದ್ದೇ ಎದುರುಮನೆಯ ಕನಕಮ್ಮ ಅಡ್ಡ ಬಂದಳು. ಇಷ್ಟು ಬೇಗ ಹೊಸಿಲು ದಾಟುವ ಹಾಗಿಲ್ಲ ಎಂದಳು. ಅದೇ ಬೀದಿಯ ಮುನಿನಾರಾಯಣಮ್ಮ ಹೊಸಿಲು ದಾಟಬಹುದು, ಕೆರೆ ದಾಟಬಾರದು ಎಂದಳು. ಇಬ್ಬರೂ ಅದನ್ನೇ ವಾದಿಸುತ್ತ ಅವಳ ಹಿಂದೆ ಹೊಸಿಲು, ಬೀದಿ, ಕೆರೆ ಏರಿ ಎಲ್ಲ ದಾಟಿ ತೋಪಿಗೇ ಬಂದರು. ಪೆದ್ದಮ್ಮ ತನ್ನ ಸೀಮೆಹಸುವನ್ನು ಮೇಯಿಸುವ ನೆಪದಲ್ಲಿ ಹಗ್ಗ ಹಿಡಿದು ಮುಂದೆಯೇ ಇದ್ದಳು.

ಕಡಿಯುವವರ ಮೇಸ್ತ್ರಿ ಚಿಕ್ಕಮುನಿಯಪ್ಪ ಅವಳನ್ನು ಕಂಡು ತಲೆಯ ಟವಲ್ಲು ಕಂಕುಳಲ್ಲಿ ಇಟ್ಟುಕೊಂಡ.

"ಅಮ್ಮಣ್ಣಿ, ಮೇಷ್ಟ್ರು..."

ಅಷ್ಟಕ್ಕೇ ಕನಕಮ್ಮ ಅವನ ಮೇಲೆ ಬಿದ್ದಳು. ವರ್ಷದ ಕಾರ್ಯ ಆಗುವ ತನಕ ಗಂಡನ ಮಾತು ಆ ಹುಡುಗಿಯ ಮುಂದೆ ಯಾರೂ ಎತ್ತಬಾರದೆಂದು ಇಡೀ ಬೀದಿ ಮಾತಾಡಿಕೊಂಡಿತ್ತು. "ಬಾಯ್ ಮುಚ್ಲಾ. ಇಷ್ಟ್ ದಿನಕ್ಕೆ ಈಗ ತಾನೇ ಒಂದ್ ಲೋಟ ಕಾಪಿ ಕುಡ್ದವ್ಳೆ."

ಚಿಕ್ಕಮುನಿಯಪ್ಪ ಬಾಯಿ ಮುಚ್ಚಿ, ಕೆಂಪು ಪಟ್ಟಿಯ ಕಡೆಗೂ ಕೊಡಲಿಯ ಕಡೆಗೂ ಕೈ ತೋರಿಸಿದ. ಅವರ ಕಸುಬಿನಲ್ಲಿ ಕೆಂಪು ಬಿದ್ದ ಮರ ಉರುಳಲೇಬೇಕು.

ಮುನಿರತ್ನಳಿಗೆ ಜಗಳ ಆಡಲು ಬರುತ್ತಿರಲಿಲ್ಲ. ಹತ್ತಿರದ ನೀಲಗಿರಿಗೆ ಒರಗಿ ಕೂತುಬಿಟ್ಟಳು. ಮೇಲೆ ಎಲೆಗಳು ನಿಧಾನವಾಗಿ ಹೊರಳುತ್ತಿದ್ದವು. ಹಾಗೆ ನೋಡುತ್ತಿದ್ದರೆ ಮರ ಉಸಿರೆಳೆಯುವುದು ಕೇಳುತ್ತದೆ ಅನ್ನಿಸಿತು. ಗಂಡ ಕಡೆಯ ಬಾರಿ ಬಿಟ್ಟ ಉಸಿರೂ ಇದರೊಳಗೇ ಎಲ್ಲೋ ಕಾಂಡವಾಗಿ ಕೂತಿರಬಹುದು.

"ಇವ್ಳು ಏಳಲ್ಲ," ಎಂದಳು ಪೆದ್ದಮ್ಮ. ತನ್ನ ಹಸುವನ್ನು ಪಕ್ಕದ ಕೆಂಪು ಪಟ್ಟಿಯ ಮರಕ್ಕೆ ಕಟ್ಟಿದಳು. "ಈಗ ಕಡೀಲಾ, ನೋಡ್ತೀನಿ."

ಆ ಸೀಮೆಯಲ್ಲಿ ಇನ್ನೊಬ್ಬರು ಕಟ್ಟಿದ ಕರೆಯುವ ಹಸುವನ್ನು ಯಾರೂ ಬಿಚ್ಚುವುದಿಲ್ಲ. ಬಿಚ್ಚಿದ ಮೇಲೆ ಹಾಲು ಒಂದು ಪಾವು ಕಮ್ಮಿಯಾದರೂ ಬಿಚ್ಚಿದವನ ಕೈಗುಣ ಎಂದು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಕೂಲಿಯವರು ಎರಡು ಹೆಜ್ಜೆ ಹಿಂದೆ ಸರಿದರು.

ಇದು ಕೆಲಸ ಮಾಡಿತೆಂದು ಗೊತ್ತಾಗಿದ್ದೇ ತಡ, ಕನಕಮ್ಮ ಓಡಿಹೋಗಿ ತನ್ನ ಹಸು ತಂದಳು. ಮುನಿನಾರಾಯಣಮ್ಮ ಎರಡು ತಂದಳು. ಬಿಸಿಲೇರುವ ಹೊತ್ತಿಗೆ ಊರಿನ ಹೆಂಗಸರೆಲ್ಲ ಕರೆಯುವುದು, ಗಬ್ಬದ್ದು, ಒದೆಯುವುದು ಎಲ್ಲವನ್ನೂ ಹೊಡೆದುಕೊಂಡು ಬಂದು ಕಟ್ಟಿದರು. ತೋಪು ದನದ ಆಸ್ಪತ್ರೆಯ ಮುಂದಿನ ಬಯಲಿನ ಹಾಗಾಯಿತು. ಹಸು ಇಲ್ಲದವಳೊಬ್ಬಳು ಮೇಕೆ ತಂದಾಗ ಅದು ಲೆಕ್ಕಕ್ಕೆ ಬರುವುದೋ ಇಲ್ಲವೋ ಎಂದು ಚರ್ಚೆ ನಡೆಯಿತು. ಅಷ್ಟರಲ್ಲಿ ಮೇಕೆ ಮೇಸ್ತ್ರಿಯ ಟವಲ್ಲನ್ನು ಅರ್ಧ ತಿಂದು ಮುಗಿಸಿತ್ತು.

ಚಿಕ್ಕಮುನಿಯಪ್ಪ ಮತ್ತೆ ಮುನಿರತ್ನಳ ಮುಂದೆ ಬಂದು ನಿಂತ. "ಮೇಷ್ಟ್ರು ಇದ್ದಾಗ..." ಎಂದ. ನಾಲ್ಕು ಕಡೆಯಿಂದ ಅವನ ಬಾಯಿ ಮುಚ್ಚಿಸಿದರು. ಅವನು ಬೇರೆ ದಾರಿ ಹಿಡಿದ. ಇಟ್ಟಿಗೆ ಗೂಡಿನವರಿಗೆ ಸಂಜೆಯೊಳಗೆ ಸೌದೆ ಕಳಿಸುತ್ತೇನೆಂದು ಮಾತು ಕೊಟ್ಟಿದ್ದಾನೆ, ಕೂಲಿಯವರು ಬರಿಗೈಲಿ ಹೋಗಲಾರರು, ಏನಾದರೊಂದು ಹೇಳಿಬಿಡಿ ಎಂದು ಬೇಡಿಕೊಂಡ.

ಮುನಿರತ್ನ ಸುತ್ತ ನೋಡಿದಳು. ಕೆಂಪು ಪಟ್ಟಿಯ ಮರಕ್ಕೆಲ್ಲ ಒಂದೊಂದು ಹಸು ಕಾವಲಿತ್ತು. ಪಟ್ಟಿಯಿಲ್ಲದ ಮುದಿ ಹೊಂಗೆಗಳು ಆಚೆ ತೂಕಡಿಸುತ್ತ ನಿಂತಿದ್ದವು. ಅವುಗಳ ವಿಷಯ ಗಂಡ ಹೇಳಿದ್ದು ಒಂದಕ್ಷರವೂ ಅವಳಿಗೆ ನೆನಪಿರಲಿಲ್ಲ.

"ಅವನ್ನ ಕಡ್ಕೊಳ್ಳಿ," ಎಂದಳು. ಗಂಡ ಹೋದ ಮೇಲೆ ಅವಳು ತಾನಾಗಿ ಆಡಿದ ಮೊದಲ ಮಾತು ಅದು. ಹೆಂಗಸರ ಕಣ್ಣು ತುಂಬಿ ಬಂತು.

ಮೇಸ್ತ್ರಿ ಹೊಂಗೆಗಳನ್ನು ನೋಡಿದ, ಅವಳನ್ನು ನೋಡಿದ. "ಅವನ್ನಾ, ಅಮ್ಮಣ್ಣಿ?"

"ಹೂಂ."

ಮೇಷ್ಟ್ರ ಮನೆಯವರ ಮಾತಿನ ಮೇಲೆ ಇನ್ನೇನಿದೆ? ಅವನು ಹೋದ. ಆಚೆಯಿಂದ ಕೊಡಲಿಯ ಸದ್ದು ದೂರದ ಊರಿನಲ್ಲಿ ಯಾರೋ ಬಟ್ಟೆ ಒಗೆದಂತೆ ಬರತೊಡಗಿತು. ಈಚೆ ಹೆಂಗಸರು ಅಲ್ಲೇ ಹಾಲು ಕರೆದು, ಮೂರು ಕಲ್ಲಿಟ್ಟು ಕಾಪಿ ಕಾಯಿಸಿದರು. ಮುನಿರತ್ನ ಎರಡನೆಯ ಲೋಟ ಕುಡಿದಳು. ಕಣ್ಣು ಕೂತಿತು. ಎಷ್ಟೋ ದಿನದ ಮೇಲೆ ಒಂದು ಒಳ್ಳೆಯ ನಿದ್ದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಚಿಕ್ಕಮುನಿಯಪ್ಪ ಮನೆಯ ಬಾಗಿಲಿಗೆ ಬಂದ. ಕನಕಮ್ಮ ಡೈರಿಗೆ ಹೋಗಿದ್ದಳು. ಬಾಯಿ ಮುಚ್ಚಿಸುವವರು ಯಾರೂ ಇರಲಿಲ್ಲ.

"ನಮ್ ಬಣ್ಣದ ಡಬ್ಬಿ ಐತೇನೋ ನೋಡಿ ತಾಯಿ. ಮೇಷ್ಟ್ರು ಇಸ್ಕೊಂಡೋಗಿದ್ರು."

"ನಿಮ್ಮದಾ ಅದು?"

"ಊಂ. ಕಡಿಯೋ ಮರಕ್ಕೆ ಗುರ್ತು ಆಕೋ ಬಣ್ಣ ಅಲ್ವಾ? ನೀಲಗಿರಿ ಎಲ್ಲಾ ತೆಗ್ಸಿ ಆ ಜಾಗದಾಗೆ ಒಂಗೆ ಸಸಿ ಇಡ್ತೀನಿ, ನಾನೇ ಬಳೀತೀನಿ ಕೊಡು ಅಂದ್ರು."

"ಯಾಕಂತೆ?" ಎಂದಳು ಮುನಿರತ್ನ.

ಅವನು ಮೆಟ್ಟಿಲ ಮೇಲೆ ಕೂತು, ತನಗೆ ನೆನಪಿದ್ದಷ್ಟನ್ನು ಪಾಠ ಒಪ್ಪಿಸುವ ಹುಡುಗನ ಹಾಗೆ ಹೇಳಿದ. ನೀಲಗಿರಿ ಗಟಗಟ ಕುಡಿಯುತ್ತದಂತೆ. ಆದರೆ ಅದನ್ನು ನಾಲ್ಕಾರು ವರ್ಷಕ್ಕೊಮ್ಮೆ ಕಡಿದು ಒಲೆಗಿಡುತ್ತಾರೆ, ಕುಡಿದ ಹೊಗೆಯೆಲ್ಲ ವಾಪಸ್ಸು ಗಾಳಿಗೆ. ಹೊಂಗೆ ಗುಟುಕು ಗುಟುಕಾಗಿ ಕುಡಿದು ನೂರು ವರ್ಷ ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ, ಉದುರಿದ ಎಲೆಯಿಂದ ನೆಲಕ್ಕೂ ಉಣಿಸುತ್ತದೆ. ಅಷ್ಟು ದೊಡ್ಡ ಮರ ಒಂದು ಹೋದರೆ, ನೆಟ್ಟ ಸಸಿ ಅದನ್ನು ತುಂಬಿಕೊಡುವಷ್ಟರಲ್ಲಿ ನೆಟ್ಟವನೇ ಇರುವುದಿಲ್ಲ.

"ನಂಗೊಂದೂ ಅರ್ತ ಆಗ್ಲಿಲ್ಲ. ಆದ್ರೆ ಒಂಗೇಗೆ ಕೊಡ್ಲಿ ತಾಕಿದ್ರೆ ನಿನ್ ಕೈ ಮುರೀತೀನಿ ಅಂದಿದ್ರು. ಬೆಳಿಗ್ಗೆ ಅದ್ನೇ ಏಳಕ್ ಬಂದೆ, ಬಿಡ್ಲಿಲ್ಲ ನಿಮ್ಮೋರು. ಕಡೇಗೆ ಮೇಷ್ಟ್ರೇ ಮನಸು ಬದಲಾಯ್ಸಿ ನಿಮ್ಗೆ ಏಳೋಗವ್ರೆ ಅನ್ಕೊಂಡೆ."

"ಎಷ್ಟು ಉಳಿದಿವೆ?"

"ಒಂದೂ ಇಲ್ಲ. ನೀವ್ ಏಳಿದ್ ಮೇಲೆ ಅರ್ದಂಬರ್ದ ಮಾಡ್ತೀನಾ?" ಎಂದ, ತುಸು ನೊಂದುಕೊಂಡು. ನಾಳೆ ನೀಲಗಿರಿಗಾದರೂ ಕೈ ಹಾಕಲೇ ಎಂದು ಕೇಳಿ, ತಾನೇ ಬೇಡವೆಂದು ತಲೆಯಾಡಿಸಿದ. ಮೇಷ್ಟ್ರ ನೆನಪಿಗೆ ದಿನಾ ಅಲ್ಲೇ ಹಸು ಕಟ್ಟುತ್ತೇವೆಂದು ಹೆಂಗಸರು ದೇವರ ಮೇಲೆ ಆಣೆ ಇಟ್ಟಿದ್ದರು.

ಮುನಿರತ್ನ ಒಳಗೆ ಹೋದಳು. ಡಬ್ಬಿ ಮಂಚದ ಕೆಳಗಿತ್ತು. ಮುಚ್ಚಳದ ಮೇಲೆ ಗಂಡನ ಹೆಬ್ಬೆಟ್ಟಿನ ಗುರುತು ಕೆಂಪಗೆ ಒಣಗಿ ಕೂತಿತ್ತು. ಸೆರಗಿನಿಂದ ಒರೆಸಿದಳು, ಹೋಗಲಿಲ್ಲ. ಗಂಟಲಿನಿಂದ ಏನೋ ಮೇಲೆ ಬಂತು. ಅಳುವೆಂದುಕೊಂಡಳು, ನಗು. ಎರಡನ್ನೂ ಬೇರೆ ಮಾಡುವಷ್ಟು ಹೊತ್ತು ಮೇಸ್ತ್ರಿಯನ್ನು ಬಾಗಿಲಲ್ಲಿ ಕಾಯಿಸಬಾರದೆಂದು ಹೊರಗೆ ಬಂದು, ಡಬ್ಬಿಯನ್ನು ಎರಡೂ ಕೈಯಿಂದ ಅವನಿಗೆ ಕೊಟ್ಟಳು.