ಚಿಕ್ಕತಾಯಮ್ಮನ ಫೋಟೋಗೆ ಬೆಲ್ಲದ ನೀರು

ಮಾಡಿದ ಕೆಲಸ ಮುಗಿಯಿತೆಂದು ಕೈ ತೊಳೆದುಕೊಂಡು ಆರಾಮವಾಗಿ ಕೂರುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಆ ಭಾಗ್ಯ ನನಗಿಲ್ಲ. ಚೆನ್ನಾಗಿರುವ ಯಾವುದಕ್ಕಾದರೂ ಇನ್ನೊಂದು ಚೂರು ಏನಾದರೂ ಸೇರಿಸದಿದ್ದರೆ ನನಗೆ ಸಮಾಧಾನವಿಲ್ಲ. ಮನೆಯ ಗೇಟಿಗೆ ಪೇಂಟರ್ ಅಚ್ಚುಕಟ್ಟಾಗಿ ಬಣ್ಣ ಬಳಿದು ಹೋದ ಮೇಲೆ ಅದರ ಮೇಲೊಂದು ಬಳ್ಳಿ ಬಿಡಿಸಿದೆ. ಹಾಲು ತರುವಾಕೆ ಅದನ್ನು ಹಾವೆಂದುಕೊಂಡು ಒಂದು ವಾರ ಬೀದಿಯಲ್ಲೇ ನಿಂತು ಕೂಗುತ್ತಿದ್ದಳು. ಸಾರು ಕುದಿಯುವ ಹೊತ್ತಿನಲ್ಲಿ ನನ್ನ ಹೆಂಡತಿ ನನ್ನನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡುವುದಿಲ್ಲ. ಇಂಥ ನಾನು ಮದ್ದೂರಿನ ಆಚೆಯ ಒಂದು ಸರ್ಕಾರಿ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು.

ನಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದ ಚಿಕ್ಕತಾಯಮ್ಮನಿಗೆ ಅರವತ್ತಾಯಿತು, ಕೆಲಸದಿಂದ ಬಿಡುಗಡೆ. ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ನಾಲ್ಕು ಮಾತು ಎಂದು ಸ್ಟಾಫ್ ರೂಮಿನಲ್ಲಿ ತೀರ್ಮಾನವಾಯಿತು. ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು. ಆದರೆ ಅದೇ ವಾರ ನಾನು ಮೊಬೈಲಿನಲ್ಲಿ ಸ್ಕ್ರಾಪ್‌ಬುಕ್ ಮಾಡುವ ವಿಡಿಯೋಗಳನ್ನು ನೋಡುತ್ತಿದ್ದೆ. ಫೋಟೋ ಅಂಟಿಸುತ್ತಾರೆ, ಅದರ ಸುತ್ತ ಬಟ್ಟೆ ಹೊಲಿಯುತ್ತಾರೆ, ಒಣಗಿದ ಎಲೆ ಇಡುತ್ತಾರೆ, ಕಾಗದದ ಅಂಚು ಸುಡುತ್ತಾರೆ, ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಹೊಸ ಹಾಳೆಯನ್ನು ನೂರು ವರ್ಷ ಹಳೆಯದು ಮಾಡುತ್ತಾರೆ. ಒಂದೇ ಪುಟದಲ್ಲಿ ನಾಲ್ಕೈದು ವಿದ್ಯೆ ಬೆರೆಸಿದರೆ ಅದಕ್ಕೊಂದು ಹೆಸರೇ ಇದೆಯಂತೆ. ನನ್ನ ಹುಟ್ಟುಗುಣಕ್ಕೆ ಕೊನೆಗೂ ಒಂದು ಮರ್ಯಾದೆಯ ಹೆಸರು ಸಿಕ್ಕಿತಲ್ಲ ಎಂದು ಹಿಗ್ಗಿ, "ಚಿಕ್ಕತಾಯಮ್ಮನಿಗೆ ಕೊಡೋಕೆ ಅಂಥದ್ದೊಂದು ನೆನಪಿನ ಪುಸ್ತಕ ನಾನು ಮಾಡ್ತೀನಿ" ಎಂದು ಎಲ್ಲರೆದುರು ಒಪ್ಪಿಕೊಂಡುಬಿಟ್ಟೆ.

ಮಾರನೆಯ ದಿನ ಚಿಕ್ಕತಾಯಮ್ಮ ಆ ಪುಸ್ತಕಕ್ಕೆಂದು ಪ್ಲಾಸ್ಟಿಕ್ ಕವರಿನೊಳಗೆ ಇನ್ನೊಂದು ಕವರು, ಅದರೊಳಗೆ ಕರ್ಚೀಫು, ಅದರೊಳಗಿಂದ ಒಂದು ಕಪ್ಪುಬಿಳುಪು ಫೋಟೋ ತೆಗೆದು ಕೊಟ್ಟಳು. ಪೋಸ್ಟ್ ಕಾರ್ಡಿನಷ್ಟು ದೊಡ್ಡದು. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಮುತ್ತತ್ತಿಗೆ ಹೋಗಿ ಆಂಜನೇಯನಿಗೆ ಕೈ ಮುಗಿದು, ಹೊಳೆಯ ದಂಡೆಯಲ್ಲಿ ನಿಂತು ತೆಗೆಸಿಕೊಂಡದ್ದು. ಆರು ವರ್ಷಕ್ಕೆ ಗಂಡ ತೀರಿಕೊಂಡರು.

"ಇದೊಂದೇ ಕಣ್ ಮೇಷ್ಟ್ರೇ ಇರಾದು. ಮದ್ವೇಲೂ ತಗ್ಸಿರ್ನಿಲ್ಲ. ಉಸಾರು" ಅಂದಳು.

ಮನೆಯಲ್ಲಿ ಹೆಂಡತಿ ಅದನ್ನು ನೋಡಿದವಳೇ, "ಮದ್ದೂರಲ್ಲಿ ಒಂದು ಕಾಪಿ ತೆಗೆಸ್ಕೊಂಡು ಅದನ್ನ ಅಂಟಿಸ್ರೀ" ಎಂದಳು. ಕಾಪಿಯಲ್ಲಿ ಜೀವ ಇರುವುದಿಲ್ಲ ಎಂದೆ. ಆ ಮಾತು ಆಡಿದ ನಾಲಗೆಯನ್ನು ಆಮೇಲೆ ಎಷ್ಟು ಸಲ ಕಚ್ಚಿಕೊಂಡಿದ್ದೇನೋ ಲೆಕ್ಕವಿಲ್ಲ.

ಟೀ ಡಿಕಾಕ್ಷನ್ನಿನ ಬಣ್ಣ ನನಗೆ ಸಪ್ಪೆ ಎನಿಸಿತು. ಮಂಡ್ಯದ ನೆಲದಲ್ಲಿ ಹುಟ್ಟಿ ಟೀಪುಡಿಗೆ ಯಾಕೆ ಕೈಚಾಚಬೇಕು? ನಮ್ಮ ಭಾವನ ಆಲೆಮನೆಯಿಂದ ಬಂದ ಕಪ್ಪುಬೆಲ್ಲದ ಅಚ್ಚು ಮನೆಯಲ್ಲೇ ಇತ್ತು. ಕರಗಿಸಿ ಹಾಳೆಗಳನ್ನು ಅದ್ದಿದೆ. ಎಂಥ ಬಣ್ಣ ಬಂತು ಅಂತೀರಿ, ನಮ್ಮ ತಾತನ ಕಾಲದ ಜಮೀನು ಪತ್ರದ ಬಣ್ಣ! ಆ ಹುರುಪಿನಲ್ಲಿ ಮೈದಾ ಅಂಟಿಗೂ ಎರಡು ಸೌಟು ಬೆಲ್ಲದ ನೀರು ಸುರಿದೆ. ಹೆಂಡತಿಯ ಹಳೆ ಸೀರೆಯ ಅಂಚನ್ನು ಮಿಷನ್ನಿನಲ್ಲಿ ಹಾಳೆಗೆ ಹೊಲಿದು, ನಾಲ್ಕು ಭತ್ತದ ತೆನೆ ಜೋಡಿಸಿ, ನಡುವೆ ಫೋಟೋ ಅಂಟಿಸಿ, ಚೆನ್ನಾಗಿ ಹಿಡಿಯಲಿ ಎಂದು ರಾಗಿ ಮೂಟೆಯ ಅಡಿಗಿಟ್ಟೆ.

ಎರಡು ದಿನ ಬಿಟ್ಟು ಮೂಟೆ ಸರಿಸಿದರೆ ಪುಟ ಓಡಾಡುತ್ತಿತ್ತು. ಅಷ್ಟು ಇರುವೆ. ಅಂಚಿನಿಂದ ಉಕ್ಕಿದ ಸಿಹಿ ಅಂಟು ಫೋಟೋದ ಬಲಭಾಗಕ್ಕೆಲ್ಲ ಹರಡಿ, ಅಲ್ಲೇ ಅವುಗಳ ಸಂತೆ ನೆರೆದಿತ್ತು. ಊದಿದೆ, ಕೊಡವಿದೆ, ಗಾಬರಿಯಲ್ಲಿ ಒದ್ದೆ ಬಟ್ಟೆ ತಂದು ಒರೆಸಿದೆ. ಇರುವೆ ಹೋದವು. ಅವುಗಳ ಜೊತೆಗೆ ಚಿಕ್ಕತಾಯಮ್ಮನ ಮುಖವೂ ಹೋಯಿತು. ತಲೆಯ ಮೇಲಿನ ಸೆರಗು, ಕೈಬಳೆ, ಹಿಂದಿನ ಹೊಳೆ ಎಲ್ಲ ಇದ್ದವು. ಸೆರಗಿನೊಳಗೆ ಹೆಬ್ಬೆರಳಿನಗಲ ಬಿಳೀ ಜಾಗ. ಆ ಹೆಂಗಸು ಹತ್ತೊಂಬತ್ತರ ವಯಸ್ಸಿನಲ್ಲಿ ಹೇಗಿದ್ದಳು ಎನ್ನುವುದಕ್ಕೆ ಭೂಮಿಯ ಮೇಲಿದ್ದ ಒಂದೇ ಸಾಕ್ಷಿಯನ್ನು ನಾನು ಒರೆಸಿ ಬಿಸಾಡಿದ್ದೆ.

ಆಮೇಲಿನ ನಾಲ್ಕು ದಿನ ನಾನು ಅನ್ನ ತಿಂದದ್ದು ಹೆಸರಿಗೆ ಮಾತ್ರ. ಶಾಲೆಯ ದಾರಿಯಲ್ಲಿ ಸಿಗುವ ಸೋಮನಹಳ್ಳಿಯ ಹತ್ತಿರ ಬೈಕು ಪಂಕ್ಚರ್ ಆದರೆ ಶಾಲೆ ತಪ್ಪುತ್ತದಲ್ಲ ಎಂದು ಆಸೆಪಟ್ಟೆ. ನನ್ನ ಟೈರು ಎಂದಿಲ್ಲದಷ್ಟು ಗಟ್ಟಿಯಾಗಿತ್ತು. ಮಧ್ಯಾಹ್ನ ಚಿಕ್ಕತಾಯಮ್ಮ ಸಾಂಬಾರು ಬಡಿಸುತ್ತಾ, "ಬುಕ್ಕು ಆಯ್ತಾ ಮೇಷ್ಟ್ರೇ?" ಎಂದು ಕೇಳುವಳು. "ಒಣಗ್ತಾ ಇದೆ" ಎನ್ನುವೆ. ಅವಳು ಖುಷಿಯಲ್ಲಿ ಇನ್ನೊಂದು ಸೌಟು ಹಾಕುವಳು. ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತಿತ್ತು.

ಸಮಾರಂಭಕ್ಕೆ ಒಂದು ದಿನ ಉಳಿದಾಗ ಬೇರೆ ದಾರಿ ಕಾಣದೆ ಶಾಲೆಯ ಅಡುಗೆಕೋಣೆಗೆ ಹೋಗಿ ಪುಟವನ್ನು ಅವಳ ಮುಂದಿಟ್ಟೆ. "ಇರುವೆ ಹಾಳು ಮಾಡಿಬಿಟ್ವು" ಎಂದೆ. ಅವಳು ಗ್ಯಾಸ್ ಆರಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಬೆಳಕಿಗೆ ಹಿಡಿದು ನೋಡಿ, ಒಮ್ಮೆ ಮೂಸಿದಳು.

"ಇರುವೆ ಬೆಲ್ಲ ತಿನ್ತವೆ. ಮೊಕ ತಿಂದವಾ?"

"ಇಲ್ಲ ಚಿಕ್ಕತಾಯಮ್ಮ. ಒದ್ದೆ ಬಟ್ಟೇಲಿ ನಾನೇ ಒರೆಸಿದೆ."

"ಅಂಗೇಳಿ ಮತ್ತೆ. ಅಂಟ್ಗೆ ಬೆಲ್ಲ ಆಕಿದ್ಯಾರು?"

"ಅದೂ ನಾನೇ."

ಅವಳು ಬೈಯಲಿಲ್ಲ. ಬೆರಳ ತುದಿಯಿಂದ ಗಂಡನ ಮುಖವನ್ನು ಮೆಲ್ಲಗೆ ಮುಟ್ಟಿ, "ಅವ್ರು ಉಳ್ಕಂಡವ್ರಲ್ಲಾ, ಅಷ್ಟ್ ಸಾಕು ಬುಡಿ. ನನ್ ಮೊಕ ನಾ ದಿನಾ ಕನ್ನಡೀಲಿ ನೋಡ್ತೀನಿ" ಎಂದಳು. ಆಮೇಲೆ ಬಿಳೀ ಜಾಗ ತೋರಿಸಿ, "ಡ್ರಾಯಿಂಗ್ ಮೇಷ್ಟ್ರಲ್ವಾ ನೀವು? ಇಲ್ಗೆ ಒಂದ್ ಮೊಕ ಬರೀರಿ" ಎಂದಳು.

"ಆಗ ಹೇಗಿದ್ರಿ?" ಎಂದು ಕೇಳಿದೆ.

"ಯಾರ್ಗ್ ನೆಪ್ಪದೆ? ಈಗ ಇರಂಗೇ ಬರೀರಿ. ನಾ ಎಂಗಾಗಿವ್ನಿ ಅಂತ ಅವ್ರೂ ನೋಡ್ಲಿ."

ಅಕ್ಕಿ ಮೂಟೆಯ ಮೇಲೆ ಅವಳು ನೆಟ್ಟಗೆ ಕುಳಿತಳು. ಹನ್ನೊಂದು ವರ್ಷ ಅವಳ ಕೈಯಡುಗೆ ಉಂಡಿದ್ದೇನೆ. ಆ ಮುಖವನ್ನು ಸರಿಯಾಗಿ ನೋಡಿದ್ದು ಅವತ್ತೇ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಬೆಲ್ಲವಿಲ್ಲ, ತೆನೆಯಿಲ್ಲ, ಬರೀ ಪೆನ್ಸಿಲ್ಲು. ಅರ್ಧ ಗಂಟೆಯಲ್ಲಿ ಇಪ್ಪತ್ತೈದರ ಗಂಡನ ಪಕ್ಕ ಅರವತ್ತರ ಹೆಂಡತಿ ಬಂದು ನಿಂತಳು.

ಚಿಕ್ಕತಾಯಮ್ಮ ಬಹಳ ಹೊತ್ತು ನೋಡಿದಳು. ಅವಳ ಕಣ್ಣು ತುಂಬಿದ್ದು ಕಂಡು ನನ್ನದೂ ತುಂಬಿತು.

"ಕಣ್ಣು ನಂದೇ. ಬಾಯೂ ನಂದೇ. ಮೂಗ್ ಮಾತ್ರ ನಿಮ್ದು ಕಣ್ ಮೇಷ್ಟ್ರೇ. ಇರ್ಲಿ, ತಿದ್ದಕ್ಕೋಗ್ಬ್ಯಾಡಿ" ಎಂದು ಪುಟವನ್ನು ಎದೆಗವಚಿಕೊಂಡಳು.

ನಾನು ನಂಬಲಿಲ್ಲ. ಮನೆಗೆ ಹೋಗಿ ಕನ್ನಡಿಯ ಮುಂದೆ ಎಡಕ್ಕೂ ಬಲಕ್ಕೂ ತಿರುಗಿ ನೋಡಿಕೊಂಡೆ. ಅನುಮಾನವೇ ಇಲ್ಲ. ಈಗ ಮುತ್ತತ್ತಿಯ ಹೊಳೆಯ ದಂಡೆಯಲ್ಲಿ, ನಾನು ಎಂದೂ ಕಾಣದ ಒಬ್ಬ ಮನುಷ್ಯನ ಪಕ್ಕದಲ್ಲಿ, ತಲೆತುಂಬ ಸೆರಗು ಹೊದ್ದು ನನ್ನ ಮೂಗು ನಿಂತಿದೆ.